ಊರ ಕಲ್ಲಿನ ಮೇಲೆ 1919

ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕಶಿಲೆಗಳುಂಟು. ರಣದಲ್ಲಿ ಬಿದ್ದವರ ಕಳೇಬರಗಳನ್ನು ಸ್ವದೇಶಕ್ಕೆ ತರಕೂಡದೆಂದು ಬ್ರಿಟಿಷ್ ಸೇನೆ 1915ರಲ್ಲಿಯೇ ಕಟ್ಟಳೆ ಮಾಡಿತು. ಮಗನ ಸಮಾಧಿ ಎಲ್ಲೋ ಫ್ರಾನ್ಸಿನಲ್ಲಿ. ತಾಯಿಯ ಪಾಲಿಗೆ ಊರ ಕಲ್ಲೇ ಸಮಾಧಿ.

ಕಾಳಗ 1918ರ ನವೆಂಬರ್ 11ರಂದು ನಿಂತಿತು. ಆದರೆ ಲೂಯಿಸ್ ದ್ವೀಪದ ಹಳ್ಳಿಗಳ ಕಲ್ಲುಗಳಲ್ಲಿ 1919ರಲ್ಲಿ ತೀರಿಕೊಂಡವರ ಹೆಸರುಗಳೂ ಇವೆ. ಇದೇಕೆಂದು ವಾಚಕರು ಕೇಳಬಹುದು. ಹೊಸವರ್ಷಕ್ಕೆ ಮನೆ ಸೇರಲೆಂದು ಹೊರಟ ನೌಕಾಭಟರನ್ನು ಹೊತ್ತ ‘ಅಯೊಲೇರ್’ ಹಡಗು, ಜನವರಿ 1ರಂದು ಬೆಳಗಾಗುವ ಮೊದಲೇ, ಸ್ಟಾರ್ನೊವೇ ಬಂದರಿನ ಬಾಗಿಲಲ್ಲಿ ಬಂಡೆಗೆ ಬಡಿದು ಮುಳುಗಿತು. ಸುಮಾರು 280 ಮಂದಿಯಲ್ಲಿ 201 ಮಂದಿ ಅಸುನೀಗಿದರು. ಯುದ್ಧದಲ್ಲಿ ಉಳಿದವರು ಊರ ಕಡಲಿನಲ್ಲಿ ಅಳಿದರು. ಊರವರು ಅವರನ್ನು ಬೇರೆಯಾಗಿ ಎಣಿಸಲಿಲ್ಲ. ರಣದಲ್ಲಿ ಬಿದ್ದವರ ಸಾಲಿಗೇ ಸೇರಿಸಿಕೊಂಡರು.