ಕಲ್ಕತ್ತೆಯ ವಿಜ್ಞಾನ ಕಾಲೇಜು: ದತ್ತಿಗಳ ಇತಿಹಾಸ

1857ರಲ್ಲಿ ಕಲ್ಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಅರ್ಧ ಶತಮಾನದವರೆಗೂ ಬಹುಮಟ್ಟಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದುವೇ ಹೊರತು ಹೊಸ ಜ್ಞಾನವನ್ನು ಅರಸುವ ಪೀಠಗಳಾಗಿರಲಿಲ್ಲ. 1904ರ ವಿಶ್ವವಿದ್ಯಾನಿಲಯಗಳ ಕಾಯಿದೆಯು ಪ್ರಾಧ್ಯಾಪಕರನ್ನು ನೇಮಿಸಿಕೊಳ್ಳುವ, ಪ್ರಯೋಗಶಾಲೆಗಳನ್ನು ಕಟ್ಟಿಕೊಳ್ಳುವ ಅಧಿಕಾರವನ್ನು ಅವುಗಳಿಗೆ ಇತ್ತಿತಾದರೂ, ಅದಕ್ಕೆ ತಕ್ಕ ದ್ರವ್ಯಾನುಕೂಲವನ್ನು ಕಲ್ಪಿಸಲಿಲ್ಲ. ಈ ಕೊರತೆಯನ್ನು ಕಲ್ಕತ್ತೆಯು ನೀಗಿಕೊಳ್ಳಲು ಯತ್ನಿಸಿದ ಬಗೆಯು ನಮ್ಮ ದೇಶದ ವಿದ್ಯಾಚರಿತ್ರೆಯಲ್ಲಿ ವಿಚಾರಾರ್ಹವಾದ ಅಧ್ಯಾಯ.

1906ರಲ್ಲಿ ಉಪಕುಲಪತಿಯಾದ ಆಶುತೋಷ ಮುಖರ್ಜಿಯವರ ಬೆಂಬಲಕ್ಕೆ ನಿಂತವರು ಇಬ್ಬರು ನ್ಯಾಯವಾದಿಗಳು. 1912ರಲ್ಲಿ ತಾರಕನಾಥ ಪಾಲಿತರು ಹಣವೂ ಸ್ಥಿರಾಸ್ತಿಯೂ ಕೂಡಿ ಸುಮಾರು 15 ಲಕ್ಷ ರೂಪಾಯಿಗಳ ದತ್ತಿಯನ್ನು ಬಿಟ್ಟರು. ಮರುವರ್ಷ ರಾಸಬಿಹಾರಿ ಘೋಷರು 10 ಲಕ್ಷವನ್ನು ಕೊಟ್ಟರು. 1914ರ ಮಾರ್ಚ್ 27ರಂದು ವಿಜ್ಞಾನ ಕಾಲೇಜಿಗೆ ಅಸ್ತಿಭಾರ ಬಿದ್ದಿತು. ಮೊತ್ತಕ್ಕಿಂತಲೂ ದತ್ತಿಯ ಸ್ವರೂಪವೇ ಮುಖ್ಯವೆಂದು ನನ್ನ ಮತ. ವರ್ಷ ವರ್ಷವೂ ಯಾಚಿಸಿ ಪಡೆಯಬೇಕಾದ ಅನುದಾನವು ಅಧಿಕಾರಿಯ ಪ್ರಸನ್ನತೆಯನ್ನು ಅವಲಂಬಿಸಿರುವುದು. ಬಡ್ಡಿಯಿಂದಲೇ ಪೀಠವನ್ನು ಪೋಷಿಸುವ ಮೂಲಧನವಾದರೋ ಪ್ರಾಧ್ಯಾಪಕನಿಗೆ ನಿಶ್ಚಿಂತೆಯನ್ನು ಕೊಡುವುದು. ಪೀಠಗಳಿಗೆ ಭಾರತೀಯರನ್ನೇ ನೇಮಿಸತಕ್ಕದ್ದೆಂಬ ನಿಬಂಧನೆಯನ್ನೂ ದಾನಿಗಳು ವಿಧಿಸಿದ್ದರು. ಉನ್ನತ ಹುದ್ದೆಗಳೆಲ್ಲ ಪರಕೀಯರ ಪಾಲಾಗುತ್ತಿದ್ದ ಆ ಕಾಲದಲ್ಲಿ ಈ ಒಂದು ವಾಕ್ಯ ತೆರೆದ ಬಾಗಿಲು ಸಾಮಾನ್ಯವಾದುದಲ್ಲ.

ಆ ಬಾಗಿಲಿನಿಂದ ಒಳಬಂದವರಲ್ಲಿ ರಸಾಯನಶಾಸ್ತ್ರದ ಪ್ರಫುಲ್ಲಚಂದ್ರ ರಾಯರಿದ್ದರು. ಸರಕಾರದ ಹಣಕಾಸು ಇಲಾಖೆಯ ದೊಡ್ಡ ಸಂಬಳವನ್ನು ತೊರೆದು 1917ರಲ್ಲಿ ಪಾಲಿತ ಪೀಠವನ್ನೇರಿದ ಚಂದ್ರಶೇಖರ ವೆಂಕಟರಾಮನ್ ಇದ್ದರು. ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್ ಎಂಬ ತರುಣರೂ ಇದ್ದರು. ಐನ್‌ಸ್ಟೈನರ ಸಾಪೇಕ್ಷತಾ ಪ್ರಬಂಧಗಳನ್ನು ಈ ತರುಣರಿಬ್ಬರೂ ಇಂಗ್ಲಿಷಿಗೆ ತಂದುದನ್ನು 1920ರಲ್ಲಿ ವಿಶ್ವವಿದ್ಯಾನಿಲಯವೇ ಪ್ರಕಟಿಸಿತು.

ಸಂಶೋಧನೆಗೆ ದ್ರವ್ಯದಷ್ಟೇ ಸಹಯೋಗವೂ ಅವಶ್ಯವೆಂಬುದಕ್ಕೆ ರಾಮನ್‌ರ ಕಾರ್ಯಕ್ರಮವೇ ನಿದರ್ಶನ. ಮಹೇಂದ್ರಲಾಲ್ ಸರಕಾರರು 1876ರಲ್ಲಿ ಸಾರ್ವಜನಿಕರ ಚಂದಾದಿಂದ ಸ್ಥಾಪಿಸಿದ್ದ, ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ಅವರು 1907ರಿಂದಲೂ ದುಡಿದವರು. ಪ್ರಾಧ್ಯಾಪಕರಾದ ಮೇಲೂ ಅದನ್ನು ಬಿಡದೆ, ವಿಶ್ವವಿದ್ಯಾನಿಲಯದ ಪೀಠಕ್ಕೂ ಸಂಘದ ಶಾಲೆಗೂ ತಾವೇ ಸೇತುವಾದರು. ಕೆ.ಎಸ್. ಕೃಷ್ಣನ್‌ರೊಡಗೂಡಿ, ದೂರದರ್ಶಕದ ಮಸೂರದಿಂದ ಬಿಸಿಲನ್ನು ಕೇಂದ್ರೀಕರಿಸಿ, ಬಣ್ಣದ ಗಾಜುಗಳ ಮೂಲಕ ಹಾಯಿಸಿ, ಶುದ್ಧೀಕರಿಸಿದ ಸುಮಾರು 60 ದ್ರವಗಳಲ್ಲಿ ಚದರಿದ ಬೆಳಕನ್ನು ಪರೀಕ್ಷಿಸಿದ್ದು ಅಲ್ಲಿಯೇ. 1928ರ ಫೆಬ್ರವರಿ 28ರಂದು ಕೈಗೂಡಿದ, ‘ರಾಮನ್ ಪರಿಣಾಮ’ವೆಂದು ಹೆಸರಾದ ಆ ಸಿದ್ಧಿಯನ್ನು ಅವರು ಮಾರ್ಚ್ 16ರಂದು ನಮ್ಮ ಬೆಂಗಳೂರಿನಲ್ಲಿ ವಿದ್ವಜ್ಜನರ ಮುಂದೆ ಸವಿಸ್ತಾರವಾಗಿ ನಿರೂಪಿಸಿದರೆಂಬುದು ಕನ್ನಡಿಗರಿಗೆ ಸ್ಮರಣೀಯ.

ಆದರೆ ಈ ಚಿತ್ರದ ಮತ್ತೊಂದು ಪಾರ್ಶ್ವವನ್ನು ಮರೆಮಾಚುವುದು ಇತಿಹಾಸಕಾರನಿಗೆ ಸಲ್ಲದು. ದತ್ತಿಯು ಪೀಠವನ್ನು ಸ್ಥಾಪಿಸೀತು. ಪ್ರಯೋಗಶಾಲೆಯ ನಿತ್ಯದ ವೆಚ್ಚ, ಉಪಕರಣಗಳ ಬೆಲೆ, ಕಿರಿಯ ಅಧ್ಯಾಪಕರ ವೇತನ ಇವೆಲ್ಲಕ್ಕೂ ಸರಕಾರದ ಬೊಕ್ಕಸವನ್ನೇ ನೋಡಬೇಕಾಗಿತ್ತು. ಬೋಸರು 1921ರಲ್ಲಿ ಢಾಕಾಕ್ಕೂ ಸಾಹಾ ಅವರು 1923ರಲ್ಲಿ ಅಲಹಾಬಾದಿಗೂ ಹೊರಟುಹೋದರು. ಇಂಥ ಪ್ರತಿಭೆಗಳನ್ನು ಉಳಿಸಿಕೊಳ್ಳದಿದ್ದುದು ವಿಶ್ವವಿದ್ಯಾನಿಲಯಕ್ಕೆ ತುಂಬಲಾರದ ನಷ್ಟವೆಂದೇ ನಾನು ಭಾವಿಸುತ್ತೇನೆ. 1922ರಲ್ಲಿ ಬಂಗಾಳ ಸರಕಾರವು ಎರಡೂವರೆ ಲಕ್ಷ ರೂಪಾಯಿಗಳನ್ನು ಕೊಡಲು ಮುಂದಾಯಿತು, ಆದರೆ ಲೆಕ್ಕಪತ್ರಗಳ ಮೇಲೂ ಆಡಳಿತದ ಮೇಲೂ ತನ್ನ ಹಿಡಿತವನ್ನು ಬಿಗಿಗೊಳಿಸುವ ಷರತ್ತುಗಳೊಡನೆ. ಅಧ್ಯಾಪಕರ ಸಂಬಳಕ್ಕೇ ತತ್ವಾರವಿದ್ದ ಹೊತ್ತಿನಲ್ಲಿ, ಮತ್ತೊಮ್ಮೆ ಉಪಕುಲಪತಿಯಾಗಿದ್ದ ಆಶುತೋಷರು ಸೆನೆಟ್ ಸಭೆಯಲ್ಲಿ ಆ ಹಣವನ್ನು ತಿರಸ್ಕರಿಸಿದರು. ಮರುವರ್ಷ, ಸರಕಾರದ ನಿಲುವಿಗೆ ವಿರೋಧವಾಗಿ ನಡೆಯದಿದ್ದರೆ ಅಧಿಕಾರಾವಧಿಯನ್ನು ಮುಂದುವರಿಸುವೆನೆಂದು ಗವರ್ನರ್ ಲಿಟ್ಟನ್ ಬರೆದಾಗ, ಅವರು ಆ ಪದವಿಯನ್ನೂ ನಿರಾಕರಿಸಿದರು.