ಪಟ್ಟಿಯಿಲ್ಲದ ಸಂಬಳ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಡೇಟಾ ಕೆಲಸಗಾರರ ನಿರೀಕ್ಷೆಯ ಲೆಕ್ಕ

ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾಗಿ ಮನೆಗೆ ಬಂದವರನ್ನು ಬಂಟ್ವಾಳ ಸೀಮೆಯಲ್ಲಿ ಹಿರಿಯರು ಕೇಳುವುದು ಒಂದೇ ಪ್ರಶ್ನೆ: "ಕೈಕ್ ಏತ್ ಬರ್ಪುಂಡು?" ಕೈಗೆ ಎಷ್ಟು ಬರುತ್ತದೆ ಎಂಬ ಈ ತುಳು ಪ್ರಶ್ನೆಗೆ ಉತ್ತರ ಬರುವುದು "ತ್ರೀ ಪಾಯಿಂಟ್ ಸಿಕ್ಸ್" ಎಂದು. ಕೇಳಿದವರ ಅಳತೆ ತಿಂಗಳು, ಹೇಳಿದವರ ಅಳತೆ ವರ್ಷ. ಕೇಳಿದವರು ಕೈಯನ್ನು ನೋಡುತ್ತಿದ್ದಾರೆ, ಹೇಳಿದವರು ಕಾಗದವನ್ನು. ಡೇಟಾ ಅನಾಲಿಸ್ಟ್, ರಿಪೋರ್ಟಿಂಗ್ ಅನಾಲಿಸ್ಟ್, ಎಂಐಎಸ್ ಎಕ್ಸಿಕ್ಯೂಟಿವ್ ಎಂಬ ಹೆಸರುಗಳ ಕೆಲಸಕ್ಕೆ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಯುವಜನರು ಇಟ್ಟುಕೊಳ್ಳುವ ಸಂಬಳದ ನಿರೀಕ್ಷೆ ಯಾವ ಅಳತೆಗೋಲಿನಿಂದ ಹುಟ್ಟುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಸರಾಸರಿ ಸಂಬಳ ಎಷ್ಟು ಎಂಬುದು ನನ್ನ ಪ್ರಶ್ನೆಯಲ್ಲ. ಹಾಗಾಗಿ ಇಲ್ಲಿ ಬಳಸಿರುವ ಆಕರಗಳು ಸಾರ್ವಜನಿಕವಾಗಿ ದೊರೆಯುವ ವೇತನ ಒಪ್ಪಂದಗಳು, ಕಾಯ್ದೆಗಳು, ವೃತ್ತಿಗಳ ವರ್ಗೀಕರಣ ಮತ್ತು ಸ್ವಲ್ಪ ಮಟ್ಟಿಗೆ ಇತಿಹಾಸ.

ಈ ಕೆಲಸಕ್ಕೆ ತಯಾರಿ ನಡೆಯುವ ಜಾಗಗಳಿಗೆ ಇಲ್ಲಿ ಕೊರತೆಯಿಲ್ಲ. ಮೂಡುಬಿದಿರೆಯ ಸುತ್ತ ಮಿಜಾರಿನಲ್ಲಿ ಆಳ್ವಾಸ್, ಬಡಗಮಿಜಾರಿನಲ್ಲಿ ಎಂಐಟಿಇ, ತೋಡಾರಿನಲ್ಲಿ ಯೆನೆಪೋಯ ಎಂಜಿನಿಯರಿಂಗ್ ಕಾಲೇಜುಗಳಿವೆ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಎಸ್‌ಡಿಎಂ, ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ಕೆನರಾ. ಬಿ.ಕಾಂ., ಬಿ.ಸಿ.ಎ. ಓದಿ ಎಕ್ಸೆಲ್, ಎಸ್‌ಕ್ಯೂಎಲ್, ಪವರ್ ಬಿಐ ಕಲಿತು ಇದೇ ಸಾಲಿಗೆ ಬಂದು ನಿಲ್ಲುವವರು ಬೇರೆ. ಕೆಲಸ ಇರುವುದು ಹೆಚ್ಚಾಗಿ ಬೆಂಗಳೂರಿನಲ್ಲಿ, ಸ್ವಲ್ಪ ಮಂಗಳೂರಿನಲ್ಲಿ. ಇನ್ಫೋಸಿಸ್ 1995ರಲ್ಲೇ ಮಂಗಳೂರಿಗೆ ಬಂತು. ಅದರ ದೊಡ್ಡ ಆವರಣ ಇರುವ ಮುಡಿಪು ಪ್ರದೇಶ ಉಳ್ಳಾಲ ತಾಲೂಕು ಆಗುವವರೆಗೆ ಬಂಟ್ವಾಳದ್ದೇ ಆಗಿತ್ತು.

ಹೆಸರು ಹೊಸದು, ಕಸುಬು ಹಳೆಯದು. 1799ರಲ್ಲಿ ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಮರುವರ್ಷ ಮದರಾಸಿನ ಕಂದಾಯ ಮಂಡಳಿಗೆ ಬರೆದ ವರದಿಗಳಿಗೆ ಆಧಾರವಾಗಿದ್ದುದು ಶ್ಯಾನುಭೋಗರ ಬಳಿಯಿದ್ದ ಲೆಕ್ಕದ ಕಡತಗಳು. ಮಸಿ ಬಳಿದ ಬಟ್ಟೆಯನ್ನು ಮಡಚಿ ಮಾಡಿದ, ಬಳಪದಲ್ಲಿ ಬರೆದ ಆ ಕಪ್ಪು ಪುಸ್ತಕಗಳನ್ನು ನೋಡಿಯೇ ಆತ ಹಿಂದಿನ ರಾಜರ ಕಾಲದ ಕಂದಾಯವನ್ನು ಲೆಕ್ಕ ಹಾಕಿದ. ಸರಕಾರಿ ಕಚೇರಿಯ ಫೈಲಿಗೆ ನಾವು ಇಂದಿಗೂ ಕಡತ ಎನ್ನುತ್ತೇವೆ, ಬಟ್ಟೆ ಮಾಯವಾಗಿ ಶತಮಾನ ಕಳೆದರೂ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರನ್ನೂ ಹಾದುಹೋದ. ಬೆಳೆ, ಗೇಣಿ, ಆಳುಗಳ ಕೂಲಿ ಎಲ್ಲವನ್ನೂ ಕೇಳಿ ಬರೆದುಕೊಂಡ ಆತನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಆಗ ಕೂಲಿಯ ಮಾತು ಅಕ್ಕಿಯ ಅಳತೆಯಲ್ಲಿ ನಡೆಯುತ್ತಿತ್ತು; ಅಳತೆ ಕೊಡುವವನಿಗೂ ಕೊಳ್ಳುವವನಿಗೂ ಒಂದೇ. ಕೂಲಿ ನ್ಯಾಯವಾಗಿತ್ತು ಎಂದು ನಾನು ಹೇಳುತ್ತಿಲ್ಲ, ಒಡೆಯರಿಗೆ ಜೀತಕ್ಕಿದ್ದ ಮೂಲದಾಳುಗಳ ಬದುಕನ್ನು ಬಲ್ಲವರು ಯಾರೂ ಹಾಗೆ ಹೇಳಲಾರರು. ಅನ್ಯಾಯವೂ ಕಣ್ಣಿಗೆ ಕಾಣುವ ಸೇರಿನಲ್ಲಿ ಅಳೆಯಲ್ಪಡುತ್ತಿತ್ತು ಎಂದಷ್ಟೇ.

ಈ ಕಾಲದ ದತ್ತಾಂಶದ ಕೆಲಸ ಇಲ್ಲಿ ಎರಡು ದಾರಿಯಿಂದ ಬೆಳೆಯಿತು. ಒಂದು ಸರಕಾರದ್ದು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮ ಲೆಕ್ಕಿಗರ ಕೈಬರಹವನ್ನು ತೆರೆಗೆ ತಂದವರು ಡೇಟಾ ಎಂಟ್ರಿ ಆಪರೇಟರುಗಳು. ಆ ಹುದ್ದೆ ಮುಂದೆ ಪಂಚಾಯತಿ ಕಚೇರಿಗಳಲ್ಲೂ ಬೇರೂರಿತು. ಇನ್ನೊಂದು ದಾರಿ ಸ್ವಸಹಾಯ ಗುಂಪುಗಳದ್ದು. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ವಾರದ ಸಭೆ, ಉಳಿತಾಯ, ಸಾಲದ ಕಂತು, ಸೇವಾಪ್ರತಿನಿಧಿಯ ಲೆಕ್ಕ ಇವೆಲ್ಲ ಹಳ್ಳಿಯ ಹೆಂಗಸರಿಗೆ ವರದಿ ಎಂದರೇನು ಎಂಬುದನ್ನು ಎಂಜಿನಿಯರಿಂಗ್ ಕಾಲೇಜಿಗೂ ಮೊದಲೇ ಕಲಿಸಿದವು.

ಮನೆಯೊಳಗಿನ ಮೂರು ಪಟ್ಟಿಗಳು

ಕೆಲಸ ಹುಡುಕುವವರು ‘ಇದಕ್ಕಿಂತ ಕಡಿಮೆಗೆ ಬರಲಾರೆ’ ಎಂಬ ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡಿರುತ್ತಾರೆ ಎಂಬುದು ಅರ್ಥಶಾಸ್ತ್ರದ ಹಳೆಯ ಪಾಠ. ಜಾರ್ಜ್ ಸ್ಟಿಗ್ಲರ್ 1962ರಲ್ಲಿ, ಜಾನ್ ಮೆಕಾಲ್ 1970ರಲ್ಲಿ ಇದನ್ನು ಬೆಳೆಸಿದರು. ಮೆಕಾಲ್ ಹೇಳಿದ ಮಾದರಿಯಲ್ಲಿ ಒಂದು ಗೃಹೀತವಿದೆ: ಮಾರುಕಟ್ಟೆಯಲ್ಲಿ ಯಾವ ಯಾವ ಸಂಬಳ ಎಷ್ಟೆಷ್ಟು ಸಿಗಬಹುದು ಎಂಬ ಹರವು ಹುಡುಕುವವನಿಗೆ ಗೊತ್ತಿರುತ್ತದೆ. ಬಂಟ್ವಾಳ ತಾಲೂಕಿನ ವಿಟ್ಲದ ಪದವೀಧರೆಗೆ ಆ ಹರವು ಗೊತ್ತಿಲ್ಲ. ಆದ್ದರಿಂದ ಆಕೆ ಗೊತ್ತಿರುವ ಪಟ್ಟಿಗಳಿಂದ ಗೆರೆ ಎಳೆದುಕೊಳ್ಳುತ್ತಾಳೆ. ಅಂಥ ಪಟ್ಟಿಗಳು ಈ ಸೀಮೆಯ ಮನೆಗಳಲ್ಲಿ ಮೂರು.

ಮೊದಲನೆಯದು ಬ್ಯಾಂಕಿನದು. ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯ 1931ರಲ್ಲಿ ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬ್ಯಾಂಕ್ ಗುಮಾಸ್ತನ ಸಂಬಳವೇ ಮಧ್ಯಮ ವರ್ಗದ ಮಾನದಂಡ. ಮದುವೆ ಮಾತುಕತೆಯಿಂದ ಮನೆ ಸಾಲದವರೆಗೆ ಎಲ್ಲಕ್ಕೂ ಅದೇ ಆಧಾರ. 1966ರ ಅಕ್ಟೋಬರಿನ ಮೊದಲ ದ್ವಿಪಕ್ಷೀಯ ಒಪ್ಪಂದದಿಂದ ಈಚೆಗೆ ಆ ಸಂಬಳ ಗುಟ್ಟಾಗಿ ಉಳಿದಿಲ್ಲ. 2024ರ ಮಾರ್ಚ್ 8ರಂದು ಸಹಿಯಾದ ಹನ್ನೆರಡನೆಯ ಒಪ್ಪಂದದಲ್ಲಿ ಗುಮಾಸ್ತರ ಆರಂಭದ ಮೂಲವೇತನ 24,050 ರೂಪಾಯಿ, ಕೊನೆಯದು 64,480. ಮೊದಲ ದರ್ಜೆಯ ಅಧಿಕಾರಿಗೆ ಆರಂಭವೇ 48,480. ಸಿಂಡಿಕೇಟ್, ಕಾರ್ಪೊರೇಷನ್, ವಿಜಯ ಎಂಬ ಹೆಸರುಗಳು 2019 ಮತ್ತು 2020ರ ವಿಲೀನದಲ್ಲಿ ಅಳಿಸಿಹೋದವು. ಪಟ್ಟಿ ಅಳಿಯಲಿಲ್ಲ.

ಎರಡನೆಯದು ರಾಜ್ಯ ಸರಕಾರದ್ದು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಅತ್ಯಂತ ಕೆಳಗಿನ ಹುದ್ದೆಯ ಮೂಲವೇತನ 17,000ದಿಂದ 27,000ಕ್ಕೆ ಏರಿತು.

ಮೂರನೆಯ ಪಟ್ಟಿಯ ಬಗ್ಗೆ ಅರ್ಥಶಾಸ್ತ್ರಜ್ಞರು ಬರೆಯುವುದು ಕಡಿಮೆ. ನನ್ನ ಮಟ್ಟಿಗೆ ಅದೇ ಮುಖ್ಯ. ಅದು ಬೀಡಿಯ ಪಟ್ಟಿ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಪದವೀಧರರ ಕಾಲೇಜು ಶುಲ್ಕ ಅಮ್ಮ ಕಟ್ಟಿದ ಬೀಡಿಯಿಂದ ಬಂದದ್ದು. ಎಲೆ, ಹೊಗೆಸೊಪ್ಪು ತಂದು, ಜಗಲಿಯಲ್ಲಿ ಕೂತು ಕಟ್ಟಿ, ಬೀಡಿ ಬ್ರಾಂಚಿಗೆ ಕೊಂಡುಹೋಗಿ ಕೊಟ್ಟು, ಪುಸ್ತಕದಲ್ಲಿ ಬರೆಸಿಕೊಂಡು ಬರುವ ಕೆಲಸ. ಕೂಲಿ ಸಾವಿರಕ್ಕೆ ಇಷ್ಟು ಎಂದು ನಿಗದಿ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಮಂಗಳೂರು ಗಣೇಶ್ ಬೀಡಿ ಸಂಸ್ಥೆ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂಬುದು ಆ ಕಾನೂನು ಹೋರಾಟದ ಫಲ. ಸಾವಿರದ ದರದ ಜತೆಗೆ ಬೆಲೆ ಸೂಚ್ಯಂಕಕ್ಕೆ ಅಂಟಿಕೊಂಡ ತುಟ್ಟಿಭತ್ಯೆಯೂ ಇದೆ. ಅದನ್ನು ತಡೆಹಿಡಿದಾಗಲೆಲ್ಲ ಸಂಘಗಳು ಮಂಗಳೂರಿನಲ್ಲಿ ಬೀದಿಗಿಳಿದಿವೆ.

ಮೊತ್ತದಲ್ಲಿ ಈ ಮೂರು ಪಟ್ಟಿಗಳಿಗೆ ಅಜಗಜಾಂತರ. ಆದರೆ ಮೂರೂ ಸಾಮೂಹಿಕ, ಮೂರೂ ಬಹಿರಂಗ, ಮೂರಕ್ಕೂ ತುಟ್ಟಿಭತ್ಯೆ ಉಂಟು. ಡೇಟಾ ಅನಾಲಿಸ್ಟನ ಸಂಬಳಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಪಕ್ಕದ ಕುರ್ಚಿಯವನಿಗೆ ಎಷ್ಟು ಎಂದು ಕೇಳುವುದೇ ಅಲ್ಲಿ ಸಭ್ಯತೆಗೆ ಹೊರತು. ತಾಯಿಯ ಬೀಡಿ ಕೂಲಿಗೆ ಬೆಲೆಯೇರಿಕೆಯ ರಕ್ಷೆಯಿತ್ತು, ಲ್ಯಾಪ್‌ಟಾಪಿನ ಮುಂದೆ ಕೂತ ಮಗಳ ಸಂಬಳಕ್ಕಿಲ್ಲ.

ಇದರ ಪರಿಣಾಮ ಸಣ್ಣದಲ್ಲ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಸಾಮಾನ್ಯ ಪ್ಯಾಕೇಜು ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಮೂರರಿಂದ ಮೂರೂವರೆ ಲಕ್ಷದ ಸುತ್ತಲೇ ಗಿರಕಿ ಹೊಡೆಯುತ್ತಿದೆ. 2012ನ್ನು 100 ಎಂದಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕ 2025ರಲ್ಲಿ 190 ದಾಟಿತ್ತು. 2012ರ 3.3 ಲಕ್ಷ ತನ್ನ ಬೆಲೆ ಉಳಿಸಿಕೊಳ್ಳಲು 2025ರಲ್ಲಿ 6.2 ಲಕ್ಷ ಮೀರಬೇಕಿತ್ತು. 2024ರ ಆಗಸ್ಟಿನಲ್ಲಿ ಕಾಗ್ನಿಜೆಂಟ್ ಸಂಸ್ಥೆಯ 2.52 ಲಕ್ಷದ ಕೊಡುಗೆ ದೇಶದಾದ್ಯಂತ ನಗೆಪಾಟಲಾಯಿತು. ಅದು ಎಂಜಿನಿಯರುಗಳಿಗಲ್ಲ, ಮೂರು ವರ್ಷದ ಪದವಿಯವರಿಗೆ ಎಂದು ಸಂಸ್ಥೆ ಸ್ಪಷ್ಟನೆ ಕೊಟ್ಟಿತು. ನಕ್ಕವರು ಎಂಜಿನಿಯರುಗಳು, ನಗಲಾಗದೆ ಉಳಿದವರು ಬಿ.ಸಿ.ಎ., ಬಿ.ಕಾಂ.ನವರು. ಆ 2.52 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ 21,000 ರೂಪಾಯಿ. ಕಾರ್ಮಿಕರ ರಾಜ್ಯ ವಿಮೆಯ ವ್ಯಾಪ್ತಿಗೆ ಕಾನೂನು ಹಾಕಿರುವ ಗೆರೆಯೂ ತಿಂಗಳಿಗೆ 21,000ವೇ.

ಭಾಗಾಕಾರ, ವ್ಯವಕಲನ

ಈಗ ‘ತ್ರೀ ಪಾಯಿಂಟ್ ಸಿಕ್ಸ್’ ಎಂಬ ಮಾತನ್ನು ಕೈಗೆ ಇಳಿಸಿ ನೋಡೋಣ. ವರ್ಷಕ್ಕೆ 3,60,000 ಎಂದರೆ ತಿಂಗಳಿಗೆ 30,000. ಮೂಲವೇತನ ಅದರ ಅರ್ಧ, 15,000 ಎಂದಿಟ್ಟುಕೊಳ್ಳಿ. ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲು ಶೇ. 12, ಅಂದರೆ 1,800. ಗ್ರಾಚ್ಯುಟಿಯ ಬಾಬ್ತು ಶೇ. 4.81, ಸುಮಾರು 721. ಎರಡೂ ಪ್ಯಾಕೇಜಿನೊಳಗೇ ಸೇರಿರುತ್ತವೆ, ತಿಂಗಳ ಚೀಟಿಯಲ್ಲಿ ಬರುವುದಿಲ್ಲ. ಉಳಿದದ್ದು 27,479. ಅದರಿಂದ ನೌಕರನ ಪಾಲಿನ ಭವಿಷ್ಯನಿಧಿ 1,800, ವೃತ್ತಿ ತೆರಿಗೆ 200 ಕಳೆದರೆ 25,479. ಪ್ಯಾಕೇಜಿನ ಹತ್ತನೇ ಒಂದು ಪಾಲು ‘ವೇರಿಯಬಲ್’ ಆಗಿದ್ದರೆ ತಿಂಗಳಿಗೆ ಇನ್ನೂ 3,000 ಹೋಯಿತು. ಆಗ ಕಡಿತಕ್ಕೆ ಮುಂಚಿನ ಮೊತ್ತ 24,479ಕ್ಕೆ ಇಳಿಯುತ್ತದೆ. ಕರ್ನಾಟಕದಲ್ಲಿ 25,000ದ ಒಳಗಿನವರಿಗೆ ವೃತ್ತಿ ತೆರಿಗೆ ಇಲ್ಲದ್ದರಿಂದ 200 ಉಳಿದು ಕೈಗೆ ಬರುವುದು 22,679. ಗುಂಪು ವಿಮೆಯ ಕಂತನ್ನು ನಾನಿಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಗ್ರಾಚ್ಯುಟಿಯ ಸಾಲು ಈ ಪಟ್ಟಿಯಲ್ಲಿ ನನಗೆ ಕುತೂಹಲದ್ದು. ಐದು ವರ್ಷ ದುಡಿದವರಿಗಷ್ಟೇ ಸಿಗುವ ಹಣವನ್ನು ಎರಡೇ ವರ್ಷಕ್ಕೆ ಕಂಪನಿ ಬದಲಿಸುವ ಹುಡುಗನ ಪ್ಯಾಕೇಜಿನಲ್ಲೂ ತೋರಿಸಲಾಗುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂದಿವೆ. ಭತ್ಯೆಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ್ದು ವೇತನವೆಂದೇ ಲೆಕ್ಕ ಎಂದೂ ಹೇಳಿವೆ. ಮೂಲವೇತನವನ್ನು ತೀರ ಕೆಳಗಿಟ್ಟು ಭತ್ಯೆ ಉಬ್ಬಿಸುವ ಚಾಳಿಗೆ ಇದು ಕಡಿವಾಣ ಹಾಕಬಹುದು. ಪ್ಯಾಕೇಜು ಹಿಗ್ಗದೆ ಭವಿಷ್ಯನಿಧಿಯಷ್ಟೇ ಹಿಗ್ಗಿದರೆ ಕೈಗೆ ಬರುವುದು ಇನ್ನೂ ಕುಗ್ಗುತ್ತದೆ ಎಂಬುದೂ ಅಷ್ಟೇ ನಿಜ.

ಮನೆ ಎಂಬ ರಿಯಾಯಿತಿ

ಮಂಗಳೂರಿನಲ್ಲೋ ಮನೆಯಿಂದಲೋ ಮಾಡುವ ಕೆಲಸಕ್ಕೆ ಬೆಂಗಳೂರಿಗಿಂತ ಕಡಿಮೆ ಸಂಬಳವನ್ನು ಇಲ್ಲಿನವರು ಒಪ್ಪುತ್ತಾರೆ. ಪಿ.ಜಿ. ಬಾಡಿಗೆ ಇಲ್ಲ, ಅನ್ನ ಮನೆಯದು, ತೆಂಗಿನಕಾಯಿ ಹಿತ್ತಲಿನದು. ಇದು ತಿಳಿದೇ ಮಾಡಿದ ಲೆಕ್ಕ, ತಪ್ಪಲ್ಲ. ಆದರೆ ಈ ಉಳಿತಾಯದ ಒಂದು ಪಾಲು ನೌಕರನಿಗೆ ಸಿಗದೆ ಮಾಲಕನ ಖಾತೆಗೆ ಹೋಗುತ್ತದೆ: ‘ಊರಲ್ಲೇ ಇರುತ್ತೀರಲ್ಲ’ ಎಂಬುದು ಸಂದರ್ಶನದಲ್ಲಿ ಸಂಬಳ ಇಳಿಸುವ ವಾದವಾಗುತ್ತದೆ. ಬೀಡಿ ಉದ್ಯಮವೂ ಮನೆಯ ಜಗಲಿ, ಮನೆಯ ದೀಪ, ಮನೆಯವರ ಬಿಡುವನ್ನು ಹೀಗೆಯೇ ಬಳಸಿಕೊಂಡಿತು. ಮನೆಯಿಂದ ಕೆಲಸ ಎಂಬುದನ್ನು 2020ರ ಲಾಕ್‌ಡೌನ್ ಕಂಡುಹಿಡಿದದ್ದು ಎಂದು ಈ ತಾಲೂಕುಗಳಲ್ಲಿ ಯಾರಾದರೂ ಹೇಳಿದರೆ ಬೀಡಿ ಕಟ್ಟಿದ ಅಜ್ಜಿಯರು ನಗುತ್ತಾರೆ.

ಇನ್ನು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಧರ್ಮಸ್ಥಳ, ಉಜಿರೆ, ಬೆಳ್ತಂಗಡಿ, ಬಿ.ಸಿ. ರೋಡು, ಮಂಗಳೂರು ದಾರಿಯಲ್ಲಿ ಕೆಎಸ್ಆರ್‌ಟಿಸಿ ಬಸ್ಸುಗಳು ಧಾರಾಳ. ಮೂಡುಬಿದಿರೆಯಿಂದ ಮಂಗಳೂರಿಗೆ ಬರುವ ದಾರಿಯಲ್ಲಿ ಬಹುಕಾಲದಿಂದ ಖಾಸಗಿ ಬಸ್ಸುಗಳದೇ ಪಾರುಪತ್ಯ. ಹೀಗಾಗಿ ಮಂಗಳೂರಿನ ಒಂದೇ ಕಚೇರಿಗೆ, ಒಂದೇ ಸಂಬಳಕ್ಕೆ ಹೋಗುವ ಇಬ್ಬರಲ್ಲಿ ಹೆಚ್ಚು ದೂರದ ಬೆಳ್ತಂಗಡಿಯವಳಿಗೆ ಪ್ರಯಾಣ ಪುಕ್ಕಟೆ, ಹತ್ತಿರದ ಮೂಡುಬಿದಿರೆಯಿಂದ ಖಾಸಗಿ ಬಸ್ಸು ಹತ್ತುವವಳಿಗೆ ದಿನವೂ ಖರ್ಚು. ಬೆಳ್ತಂಗಡಿಯವಳು ಕೊಡುವುದು ಹಣವಲ್ಲ, ಹೊತ್ತು. ದೂರ ಹೆಚ್ಚಿದಷ್ಟೂ ನಿರೀಕ್ಷೆ ಹೆಚ್ಚುತ್ತದೆ ಎಂಬ ಪಠ್ಯಪುಸ್ತಕದ ಸೂತ್ರ ಇಲ್ಲಿ ಬಸ್ಸಿನ ಬಣ್ಣ ನೋಡಿ ಬದಲಾಗುತ್ತದೆ. ಇನ್ನು ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರಕಾರ ಕೊಡುವ, 2024ರ ಜನವರಿಯಲ್ಲಿ ಶುರುವಾದ ಯುವನಿಧಿಯ ತಿಂಗಳ 3,000 ರೂಪಾಯಿ ಕಾಯುವವರಿಗೆ ತುಸು ಬಲ ಕೊಟ್ಟಿರಬಹುದು, ಗೆರೆಯನ್ನು ಮೇಲಕ್ಕೆತ್ತುವಷ್ಟಲ್ಲ.

ಯಾವ ಸಂಖ್ಯೆಯ ಮನುಷ್ಯ

ಪಟ್ಟಿ ಯಾಕಿಲ್ಲ ಎಂಬುದಕ್ಕೆ ಒಂದು ಕಾರಣ ವರ್ಗೀಕರಣದಲ್ಲೇ ಇದೆ. 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣದಲ್ಲಿ ಡೇಟಾ ಎಂಟ್ರಿ ಗುಮಾಸ್ತರು 4132, ಅಂಕಿಅಂಶ ಮತ್ತು ಹಣಕಾಸಿನ ಗುಮಾಸ್ತರು 4312. ಸಂಖ್ಯಾಶಾಸ್ತ್ರದ ಸಹಾಯಕ ವೃತ್ತಿಪರರು 3314, ಸಂಖ್ಯಾಶಾಸ್ತ್ರಜ್ಞರು 2120. ನಾಲ್ಕರಿಂದ ಶುರುವಾಗುವ ಗುಂಪು ಗುಮಾಸ್ತರದು, ಎರಡರಿಂದ ಶುರುವಾಗುವುದು ವೃತ್ತಿಪರರದು. ಬೆಳಿಗ್ಗೆ ಶಾಖೆಗಳಿಂದ ಬಂದ ಎಕ್ಸೆಲ್ ಹಾಳೆಗಳ ತಪ್ಪು ತಿದ್ದಿ, ಮಧ್ಯಾಹ್ನ ಅವನ್ನು ಜೋಡಿಸಿ, ಸಂಜೆ ಮಾರಾಟ ಯಾಕೆ ಇಳಿಯಿತು ಎಂದು ಮೇಲಿನವರಿಗೆ ವಿವರಿಸುವ ರಿಪೋರ್ಟಿಂಗ್ ಅನಾಲಿಸ್ಟ್ ಒಂದೇ ದಿನದಲ್ಲಿ ನಾಲ್ಕು, ಮೂರು, ಎರಡು ಎಲ್ಲವನ್ನೂ ಹತ್ತಿ ಇಳಿಯುತ್ತಾಳೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಕೊಡುವ ಹೆಸರು ಎರಡನೇ ಗುಂಪಿನದು, ಸಂಬಳ ಹಲವು ಕಡೆ ನಾಲ್ಕನೆಯದು. ಆಕೆಯ ನಿರೀಕ್ಷೆ ಹೆಸರನ್ನು ನಂಬಿ ಏರುತ್ತದೆ, ಮಾಲಕನ ಲೆಕ್ಕ ಬೆಳಗಿನ ಕೆಲಸವನ್ನಷ್ಟೇ ನೋಡುತ್ತದೆ. ನಿರೀಕ್ಷೆ ಅತಿಯಾಯಿತು ಎಂದು ಪ್ಲೇಸ್‌ಮೆಂಟ್ ಅಧಿಕಾರಿಗಳು ದೂರುವುದನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ.

ಕೇಂದ್ರದ ಸಾಂಖ್ಯಿಕ ಕಚೇರಿ 2017ರಿಂದ ನಡೆಸುತ್ತಿರುವ ಆವರ್ತ ಶ್ರಮಶಕ್ತಿ ಸಮೀಕ್ಷೆಯ ಮಾದರಿಯನ್ನು 2025ರ ಜನವರಿಯಲ್ಲಿ ಬದಲಿಸಿ ಜಿಲ್ಲೆಯನ್ನು ಮೂಲ ಘಟಕವಾಗಿ ಇಟ್ಟುಕೊಂಡಿದೆ. ಹಾಗಾಗಿ ದಕ್ಷಿಣ ಕನ್ನಡದ ಸಂಬಳದ ಚಿತ್ರ ಮುಂದೆ ಹೆಚ್ಚು ಸ್ಪಷ್ಟವಾಗಬಹುದು. ಆದರೆ ಮಾಹಿತಿ ಕೇಳಲು ಬಂದವರಿಗೆ ಜಗಲಿಯಲ್ಲಿ ಸಿಗುವುದು ಮಗಳಲ್ಲ, ಅಮ್ಮ. ಮಗಳು ಆ ಹೊತ್ತಿಗೆ ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತಿರುತ್ತಾಳೆ. ‘ಮಗಳು ಏನು ಮಾಡುತ್ತಾಳೆ’ ಎಂಬ ಪ್ರಶ್ನೆಗೆ ಅಮ್ಮ ‘ಕಂಪ್ಯೂಟರಿನಲ್ಲಿ ಬರೆಯುವ ಕೆಲಸ’ ಎಂದರೆ ಅವಳು 4132. ‘ಲೆಕ್ಕ ನೋಡಿ ಹೇಳುವ ಕೆಲಸ’ ಎಂದರೆ ಬೇರೆ ಸಂಖ್ಯೆ. ಸಂಬಳದ ಅಂಕಣದಲ್ಲಿ ಬೀಳುವುದು ಎರಡು ಸಲವೂ 22,679.