ಗೋಪಾಲಗೌಡರ ಮೂರು ಗೆಲುವು

ಶಾಂತವೇರಿ ಗೋಪಾಲಗೌಡರ ಚುನಾವಣಾ ದಾಖಲೆ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದು ಮೈಸೂರು ವಿಧಾನಸಭೆಗೆ ಬಂದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1957ರಿಂದ ಐದು ವರ್ಷ ಸದನದ ಹೊರಗಿದ್ದರು. 1962ರಲ್ಲೂ 1967ರಲ್ಲೂ ಸ್ವಂತ ತಾಲ್ಲೂಕಾದ ತೀರ್ಥಹಳ್ಳಿಯಿಂದ ಗೆದ್ದರು. 1972ರ ಜೂನ್ 9ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಂತ್ರಿಯಾದವರಲ್ಲ, ಅವರ ಸಮಾಜವಾದಿ ಪಕ್ಷ ಅಧಿಕಾರದ ಹತ್ತಿರವೂ ಸುಳಿಯಲಿಲ್ಲ. ಇಷ್ಟು ಸಣ್ಣ ದಾಖಲೆಯ ಮೇಲೆ ಅಷ್ಟು ದೊಡ್ಡ ಹೆಸರು ಹೇಗೆ ನಿಂತಿತು ಎಂದು ಕೇಳಿದರೆ ಸಿದ್ಧವಾಗಿರುವ ಉತ್ತರ ಕಾಗೋಡು. ಗೇಣಿದಾರರ ಸತ್ಯಾಗ್ರಹಕ್ಕೆ ಹೆಗಲು ಕೊಟ್ಟರು, ಗೇಣಿದಾರರು ವೋಟು ಕೊಟ್ಟರು, ಉಳಿದದ್ದೆಲ್ಲ ಇತಿಹಾಸ ಎಂಬ ಧಾಟಿಯಲ್ಲಿ ಈ ಕಥೆ ಭಾಷಣಗಳಲ್ಲಿ, ಸಂಸ್ಮರಣ ಲೇಖನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಅದನ್ನೇ ಪೂರ್ತಿ ಉತ್ತರವೆಂದು ಹಿಡಿದರೆ ಮೂರು ಗೆಲುವುಗಳಲ್ಲಿ ಎರಡು ಲೆಕ್ಕಕ್ಕೆ ಸಿಗುವುದಿಲ್ಲ. ಮೊದಲನೆಯದೂ ಅರ್ಧ ಮಾತ್ರ ಸಿಗುತ್ತದೆ. ನನಗೆ ಕಾಣುವ ಮಟ್ಟಿಗೆ ಮಲೆನಾಡಿನ ಮತದಾರ ಅವರನ್ನು ಆರಿಸಿದ್ದು ಕೆಲಸ ಮಾಡಿಸಿಕೊಳ್ಳಲು ಅಲ್ಲ, ಸರ್ಕಾರದ ಎದುರು ಒಬ್ಬ ಮನುಷ್ಯನನ್ನು ಕೂರಿಸಲು. ವಿರೋಧ ಪಕ್ಷದ ಶಾಸಕನಾಗಿಯೇ ಉಳಿಯಲಿ ಎಂದು ಜನ ಒಬ್ಬನನ್ನು ತಿಳಿದೂ ತಿಳಿದೂ ಆರಿಸಿದ ಉದಾಹರಣೆ ನಮ್ಮಲ್ಲಿ ಅಪರೂಪ.

ಕಾಗೋಡಿನಿಂದಲೇ ಹೊರಡೋಣ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಜಗಳ ಹೊತ್ತಿಕೊಂಡದ್ದು ಭೂಮಿಯ ಒಡೆತನದ ತತ್ವದಿಂದಲ್ಲ, ಕೊಳಗದಿಂದ. ಸುಗ್ಗಿ ಮುಗಿದು ಕಣದಲ್ಲಿ ರಾಶಿ ಬಿದ್ದ ಮೇಲೆ ಗೇಣಿಯ ಭತ್ತವನ್ನು ಅಳೆಯುವುದು ಕೊಳಗದಲ್ಲಿ. ಅಳೆಯುವ ಕೊಳಗ ಒಡೆಯರ ಮನೆಯದು, ಸರ್ಕಾರ ಒಪ್ಪಿದ ಅಳತೆಗಿಂತ ದೊಡ್ಡದು. ಇಷ್ಟು ಕೊಳಗ ಗೇಣಿ ಎಂಬ ಸಂಖ್ಯೆ ತಲೆಮಾರುಗಳಿಂದ ಬದಲಾಗದೆ ಇರಬಹುದು. ಅಳತೆಯ ಪಾತ್ರೆ ಒಂದು ಹಿಡಿ ಹಿಗ್ಗಿದರೆ ಸಾಕು, ಅಳೆದಷ್ಟು ಸಲವೂ ಒಂದೊಂದು ಹಿಡಿ ಭತ್ತ ಗೇಣಿದಾರನ ಮನೆ ಸೇರದೆ ಹೋಗುತ್ತದೆ. ಇದನ್ನು ಮೊದಲು ಎತ್ತಿ ಆಡಿದವರು ಸಮಾಜವಾದಿಗಳಲ್ಲ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ನೆರಳಿನಲ್ಲಿ ದೀವರ ಒಕ್ಕಲುಗಳು ಆಗಲೇ ಒಗ್ಗೂಡಿದ್ದವು. ಗೇಣಿದಾರರನ್ನು ಗದ್ದೆಗೆ ಇಳಿಯಗೊಡದೆ ಇದ್ದಾಗ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಸಮಾಜವಾದಿ ಪಕ್ಷ ಅದನ್ನು ಕೈಗೆತ್ತಿಕೊಂಡಿತು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು, ಹಳ್ಳಿಯ ಹೆಸರು ದೇಶದ ಪತ್ರಿಕೆಗಳಿಗೆ ಏರಿತು. ಆದರೆ ಆ ವರ್ಷ ಭೂಮಿ ಸಿಗಲಿಲ್ಲ. ಅಂದರೆ ಕೆಲವೇ ತಿಂಗಳ ನಂತರ ಬಂದ ಮೊದಲ ಮಹಾಚುನಾವಣೆಗೆ ಗೋಪಾಲಗೌಡರು ನಿಂತದ್ದು ಗೆದ್ದ ಹೋರಾಟದ ನಾಯಕರಾಗಿ ಅಲ್ಲ. ಕಾಗೋಡಿನ ಒಕ್ಕಲುಗಳ ಜಾತಿಯೂ ಅವರದಲ್ಲ. ಅವರು ತೀರ್ಥಹಳ್ಳಿ ಸೀಮೆಯ ಆರಗದಲ್ಲಿ ಹುಟ್ಟಿದ ಒಕ್ಕಲಿಗರು. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು. ಹಣವಂತೂ ಇರಲಿಲ್ಲ. ‘ಒಂದು ವೋಟು, ಒಂದು ನೋಟು’ ಎಂದು ಮತದ ಜೊತೆಗೆ ಚುನಾವಣಾ ಖರ್ಚನ್ನೂ ಮತದಾರನಿಂದಲೇ ಕೇಳಿ ಪಡೆದರೆಂಬ ಮಾತು ಮಲೆನಾಡಿನಲ್ಲಿ ಇಂದಿಗೂ ಇದೆ.

ಆ ಚುನಾವಣೆಯ ಫಲಿತಾಂಶದಲ್ಲಿ ಒಂದು ವಿಚಿತ್ರವಿದೆ; ಸಂಸ್ಮರಣ ಲೇಖನಗಳು ಅದನ್ನು ದಾಟಿ ಮುಂದೆ ಹೋಗುತ್ತವೆ. ಸಾಗರ–ಹೊಸನಗರ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದ ಅದೇ ಚುನಾವಣೆಯಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್. ಕಾಗೋಡಿನ ಜಮೀನ್ದಾರರು ಅವರೇ. 1957ರಲ್ಲೂ ಅವರೇ ಗೆದ್ದರು. ಗೇಣಿದಾರರ ಕೋಪವೇ ಗೌಡರನ್ನು ಗೆಲ್ಲಿಸಿತೆಂದಾದರೆ ಆ ಕೋಪ ಒಡೆಯರನ್ನು ಏಕೆ ಸೋಲಿಸಲಿಲ್ಲ? ಇದಕ್ಕೆ ಒಂದು ತಕರಾರು ತೆಗೆಯಬಹುದು, ತೆಗೆಯಲೇಬೇಕು: ಲೋಕಸಭಾ ಕ್ಷೇತ್ರ ದೊಡ್ಡದು, ಗೌಡರದ್ದು ಅದರ ಒಂದು ಮೂಲೆ. ಸಾಗರದವರು ಒಡೆಯರಿಗೆ ವಿರುದ್ಧವಾಗಿ ಮತ ಹಾಕಿಯೂ ಬಯಲುಸೀಮೆಯ ಕಡೆಯ ಮತಗಳಿಂದ ಅವರು ಗೆದ್ದಿರಬಹುದು. ಒಪ್ಪಬೇಕಾದ ಮಾತೇ. ಅದೇ ಮತದಾರ ಒಂದೇ ದಿನ ಎರಡು ದಿಕ್ಕಿಗೆ ಮತ ಹಾಕಿದ ಎಂದು ಈ ಎರಡು ಫಲಿತಾಂಶಗಳಿಂದ ಸಾಧಿಸಲಾಗದು. ಆದರೆ ಒಂದಂತೂ ಸಾಧಿತವಾಗುತ್ತದೆ: ಕಾಗೋಡು ಜಿಲ್ಲೆಯ ರಾಜಕೀಯವನ್ನು ತಲೆಕೆಳಗು ಮಾಡಿದ ಅಲೆಯಾಗಿರಲಿಲ್ಲ. 99 ಸ್ಥಾನಗಳ ಆ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 74 ಬಂದವು, ಸಮಾಜವಾದಿ ಪಕ್ಷಕ್ಕೆ ಮೂರು. ಅಲೆಯ ಲಕ್ಷಣ ಇದಲ್ಲ.

ಹಾಗಾದರೆ ಆ ಗೆಲುವಿಗೆ ಕಾರಣವೇನು? ಒಂದು ಕಾರಣ ಮತಪೆಟ್ಟಿಗೆಯಲ್ಲೇ ಇತ್ತು. 1952ರಲ್ಲಿ ಮತಪತ್ರಕ್ಕೆ ಗುರುತು ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ, ಎಲ್ಲವೂ ಪರದೆಯ ಹಿಂದೆ. ಮತದಾರ ಚೀಟಿ ಹಿಡಿದು ಒಳಗೆ ಹೋಗಿ ಜೋಡೆತ್ತಿನ ಪೆಟ್ಟಿಗೆಗೋ ಮರದ ಪೆಟ್ಟಿಗೆಗೋ ಹಾಕಿ ಬರಬೇಕು. ಓದು ಬರಹ ಬೇಡ, ಪೆನ್ನು ಬೇಡ, ಪಕ್ಕದಲ್ಲಿ ನಿಂತು ನೋಡುವವರಿಲ್ಲ. ಒಡೆಯನ ಅಂಗಳದಲ್ಲಿ ನಿಂತುಕೊಂಡೇ ಮಾತಾಡಬೇಕಿದ್ದ ಒಕ್ಕಲಿಗೆ ಊರಿನ ಯಾರ ಕಣ್ಣಿಗೂ ಬೀಳದೆ ಒಂದು ನಿರ್ಧಾರ ಮಾಡುವ ಜಾಗ ಬದುಕಿನಲ್ಲಿ ಮೊದಲ ಸಲ ಸಿಕ್ಕಿತ್ತು. ಅಲ್ಲಿ ಅವನು ಹಾಕಿದ್ದು ಭೂಮಿ ಬೇಕೆಂಬ ಅರ್ಜಿಯಲ್ಲ. ಮೂರು ಜನರ ಪಕ್ಷದ ಶಾಸಕ ಭೂಮಿ ಕೊಡಿಸಲಾರ ಎನ್ನುವುದು ಅವನಿಗೂ ಗೊತ್ತಿತ್ತು. ಪಕ್ಕದ ತೀರ್ಥಹಳ್ಳಿಯ ಕಡಿದಾಳು ಮಂಜಪ್ಪನವರು ಕಾಂಗ್ರೆಸ್ಸಿನಲ್ಲೇ ಇದ್ದು ಗೇಣಿ ಕಾನೂನಿನ ಪರ ದುಡಿಯುತ್ತಿದ್ದರು. ಮುಂದೆ 1956ರಲ್ಲಿ ಸುಮಾರು ಎರಡೂವರೆ ತಿಂಗಳು ಮುಖ್ಯಮಂತ್ರಿಯೂ ಆದರು. ಕೆಲಸ ಆಗಬೇಕಿದ್ದರೆ ಹೋಗಬೇಕಾದ ಬಾಗಿಲು ಅಂಥವರದು. ಅದು ಗೊತ್ತಿದ್ದೂ ಸಾಗರದ ಮತದಾರ ಗೌಡರನ್ನು ಆರಿಸಿದ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಕಾಲದ ಲೆಕ್ಕ ಹಾಕಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ರಾಜ್ಯ ಏಕೀಕರಣದ ನಂತರ ಬಿ.ಡಿ. ಜತ್ತಿ ಸಮಿತಿಯ ವರದಿ ಬಂತು, ಭೂಸುಧಾರಣಾ ಮಸೂದೆ 1958ರಲ್ಲಿ ಸದನದ ಮುಂದೆ ಬಂತು, ಚರ್ಚೆ ಎಳೆದೂ ಎಳೆದೂ 1961ರಲ್ಲಿ ಅಂಗೀಕಾರವಾಯಿತು. ಅಷ್ಟೂ ಕಾಲ ಗೋಪಾಲಗೌಡರು ಸದನದಲ್ಲಿ ಇರಲಿಲ್ಲ. ಗೇಣಿದಾರರ ದನಿ ಎಂದು ನಾವು ಕರೆಯುವ ಶಾಸಕ ಗೇಣಿ ಕಾನೂನು ರೂಪುಗೊಂಡಾಗ ಹೊರಗಿದ್ದ! ಅವರು ಮತ್ತೆ ಒಳಗೆ ಬರುವ ಹೊತ್ತಿಗೆ ಕಾನೂನು ಪುಸ್ತಕ ಸೇರಿಯಾಗಿತ್ತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದೂ ಸೋರುವ ಕಾನೂನು. ಸ್ವಂತ ಸಾಗುವಳಿಯ ನೆಪದಲ್ಲಿ ಒಡೆಯ ಗೇಣಿ ಜಮೀನಿನ ಒಂದು ಪಾಲನ್ನು ವಾಪಸು ಪಡೆಯುವ ದಾರಿ ಅದರಲ್ಲೇ ಇತ್ತು, ಗೇಣಿ ಪದ್ಧತಿ ಪೂರ್ತಿ ಅಳಿಯಲಿಲ್ಲ. ಅಳಿದದ್ದು ದೇವರಾಜ ಅರಸರ ತಿದ್ದುಪಡಿಯಿಂದ, 1974ರ ಮಾರ್ಚ್ 1ರಿಂದ. ಆ ಹೊತ್ತಿಗೆ ಗೌಡರು ತೀರಿಕೊಂಡು ಸುಮಾರು ಎರಡು ವರ್ಷ ಆಗುತ್ತಿತ್ತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಬೇಕೆಂದು ಸದನದಲ್ಲಿ ಹಟ ಹಿಡಿದವರಲ್ಲಿ ಅವರು ಮುಂಚೂಣಿಯವರು. ವಿಧಾನಸಭೆ ಆ ನಿರ್ಣಯ ಮಾಡಿದ್ದು 1972ರ ಜುಲೈಯಲ್ಲಿ, ಅವರು ಸತ್ತ ಮರುತಿಂಗಳು. ಅವರ ಹೆಸರಿನೊಂದಿಗೆ ಬೆಸೆದುಹೋದ ಎರಡೂ ಬೇಡಿಕೆಗಳು ಈಡೇರಿದ ಗಳಿಗೆಯಲ್ಲಿ ಅವರಿರಲಿಲ್ಲ. ಶಾಸಕನನ್ನು ಮಾಡಿಸಿದ ಕಾನೂನಿನಿಂದ ಅಳೆಯುವವರಿಗೆ ಇದು ಸೋಲಿನ ದಾಖಲೆ.

ಇಲ್ಲಿ ನೇರವಾದ ಆಕ್ಷೇಪ ಒಂದಿದೆ. ಮಾತಾಡುವುದರಿಂದ ಏನಾಯಿತು? ಗೌಡರಿಗಿಂತ ಕಡಿಮೆ ಮಾತಾಡಿದ ಕಡಿದಾಳು ಮಂಜಪ್ಪನವರ ಕಾನೂನು ಅರೆಬರೆಯಾದರೂ ಕಾನೂನಾಗಿತ್ತು. ಗೌಡರದ್ದು ಬರೀ ಗರ್ಜನೆ ಎಂದು ಅವರ ಕಾಲದಲ್ಲೂ ಹೇಳುವವರಿದ್ದರು. ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮಂಜಪ್ಪನವರನ್ನು ಮರೆತು ಗೌಡರನ್ನು ಮಾತ್ರ ನೆನೆಯುವುದು ಅನ್ಯಾಯ ಎಂದೇ ನನ್ನ ಭಾವನೆ. ಆದರೆ ಅರೆಬರೆ ಕಾನೂನು ಅರೆಬರೆಯೇ ಎಂದು ಸದನದೊಳಗೆ ನೆನಪಿಸುತ್ತಿರುವವರು ಇಲ್ಲದಿದ್ದರೆ ಅದೇ ಕೊನೆಯ ಮಾತಾಗಿ ನಿಂತುಬಿಡುತ್ತಿತ್ತು. 1965ರಲ್ಲಿ ಜಾರಿಯಾದ ಕಾನೂನು ಹತ್ತು ವರ್ಷ ತುಂಬುವ ಮೊದಲೇ ಬುಡಸಮೇತ ಬದಲಾಗಬೇಕಾಯಿತು ಎಂದರೆ ನಡುವೆ ಆ ಪ್ರಶ್ನೆಯನ್ನು ಯಾರೋ ಮುಚ್ಚಗೊಡದೆ ತೆರೆದೇ ಇಟ್ಟಿದ್ದರು. ಅರಸರು ಅದನ್ನು ಕೈಗೆತ್ತಿಕೊಂಡದ್ದಕ್ಕೆ ಅವರದ್ದೇ ರಾಜಕೀಯ ಲೆಕ್ಕಾಚಾರಗಳಿದ್ದವು, ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಹೊಸ ಆಧಾರ ಬೇಕಿತ್ತು; ಅಷ್ಟನ್ನೂ ಗೌಡರ ಖಾತೆಗೆ ಬರೆಯುವ ಭಕ್ತಿ ಬೇಡ. ಪ್ರಶ್ನೆ ತೆರೆದಿಟ್ಟ ಶ್ರೇಯಸ್ಸಿನಲ್ಲಿ ಅವರ ಪಾಲು ದೊಡ್ಡದು ಎಂದರೆ ಸಾಕು.

ಇನ್ನೊಂದು ಆಕ್ಷೇಪ ಪಕ್ಷದ್ದು. ಸಮಾಜವಾದಿಗಳು ತಮ್ಮತಮ್ಮಲ್ಲೇ ಒಡೆದು ಒಡೆದು ಸಣ್ಣವರಾದರು; 1955ರ ಕೊನೆಯಲ್ಲಿ ಲೋಹಿಯಾ ಪ್ರಜಾ ಸಮಾಜವಾದಿ ಪಕ್ಷದಿಂದ ಬೇರೆಯಾದಾಗ ಗೌಡರು ಲೋಹಿಯಾ ಬೆನ್ನಿಗೆ ಹೋದರು. 1967ರಲ್ಲಿ 216 ಸ್ಥಾನಗಳ ಸದನದಲ್ಲಿ ಪ್ರಜಾ ಸಮಾಜವಾದಿಗಳು 20, ಗೌಡರ ಸಂಯುಕ್ತ ಸಮಾಜವಾದಿಗಳು 6. ಒಂದಾಗಿದ್ದರೆ 26. ಆದರೂ ಎದುರಿಗಿದ್ದ ಕಾಂಗ್ರೆಸ್ಸು 126; ಒಡಕಿನಿಂದ ಅಧಿಕಾರ ತಪ್ಪಿತೆನ್ನಲು ಬರುವುದಿಲ್ಲ. ತಪ್ಪಿದ್ದು ಬೇರೆ: ರಾಜ್ಯದ ಉದ್ದಗಲಕ್ಕೆ ಹಬ್ಬುವ ಸಂಘಟನೆ. ಅದರಲ್ಲಿ ಗೌಡರ ಹೊಣೆ ಇಲ್ಲವೆನ್ನಲಾಗದು. ಅವರು ಕಟ್ಟುವ ಮನುಷ್ಯರಲ್ಲ, ಹೊತ್ತಿಸುವ ಮನುಷ್ಯರು. ಸಾಹಿತಿಗಳಿಗೆ ಅವರು ಹತ್ತಿರವಾದದ್ದಕ್ಕೂ ಇದೇ ಕಾರಣವಿರಬಹುದು. ಯು.ಆರ್. ಅನಂತಮೂರ್ತಿಯವರು ‘ಅವಸ್ಥೆ’ ಕಾದಂಬರಿಯಲ್ಲಿ ಅವರ ಬದುಕಿನ ಎಳೆಗಳನ್ನು ಬಳಸಿಕೊಂಡ ಮೇಲೆ, ಓದುವ ಕನ್ನಡಿಗರ ಮನಸ್ಸಿನಲ್ಲಿ ಕಾದಂಬರಿಯ ಕೃಷ್ಣಪ್ಪಗೌಡನೂ ಚುನಾವಣೆಗೆ ನಿಂತ ಗೋಪಾಲಗೌಡರೂ ಒಬ್ಬರಲ್ಲೊಬ್ಬರು ಕಲೆತುಹೋಗಿದ್ದಾರೆ. ಇತಿಹಾಸ ಬರೆಯುವವರಿಗೆ ಇದು ಉಪಕಾರವಾದದ್ದಕ್ಕಿಂತ ತೊಡಕಾದದ್ದೇ ಹೆಚ್ಚು.

ಗೌಡರಿಗೆ ಬಿದ್ದ ಮತ ಅವರೊಬ್ಬರ ಮತವಾಗಿರಲಿಲ್ಲ ಎನ್ನಲು ಇರುವ ಗಟ್ಟಿ ಸಾಕ್ಷ್ಯ ಅವರು ಕಣದಲ್ಲಿಲ್ಲದ ಚುನಾವಣೆಯದು. 1972ರಲ್ಲಿ ಇಂದಿರಾ ಕಾಂಗ್ರೆಸ್ಸು 165 ಸ್ಥಾನಗಳನ್ನು ಗುಡಿಸಿಕೊಂಡು ಹೋಯಿತು. ಸಮಾಜವಾದಿ ಪಕ್ಷಕ್ಕೆ ಉಳಿದದ್ದು ಮೂರು. ಇಪ್ಪತ್ತು ವರ್ಷದ ಹಿಂದೆ ಇದ್ದಷ್ಟೇ. ಅಂಥ ಅಲೆಯಲ್ಲೂ ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ಸೊರಬದಲ್ಲಿ ಎಸ್. ಬಂಗಾರಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ ಗೆದ್ದರು. ಒಂದೇ ಮಲೆನಾಡಿನ ಅಕ್ಕಪಕ್ಕದ ಮೂರು ತಾಲ್ಲೂಕುಗಳು. ಇದನ್ನು ಜಾತಿಯ ಲೆಕ್ಕದಲ್ಲಿ ಓದುವವರಿದ್ದಾರೆ: ಸಾಗರ, ಸೊರಬಗಳಲ್ಲಿ ದೀವರು ಹೆಚ್ಚು, ಗೆದ್ದವರೂ ಅದೇ ಸಮುದಾಯದವರು. ಆ ಎರಡು ತಾಲ್ಲೂಕುಗಳ ಮಟ್ಟಿಗೆ ಒಪ್ಪಬಹುದು, ತೀರ್ಥಹಳ್ಳಿಗೆ ಬಂದಾಗ ಆ ಲೆಕ್ಕ ನಿಲ್ಲುತ್ತದೆ. ಅಲ್ಲದೆ ಆಳುವ ಪಕ್ಷದಲ್ಲಿ ಅದೇ ಸಮುದಾಯದ ಅಭ್ಯರ್ಥಿ ಸಿಗುವುದು ಕಷ್ಟವೇನಲ್ಲ. ಗಾಳಿ ಬೀಸುವ ಕಡೆಗೆ ವಾಲದೆ ಮೂರು ಜನರ ಪಕ್ಷಕ್ಕೇ ಅಂಟಿಕೊಂಡದ್ದಕ್ಕೆ ಬೇರೆ ಕಾರಣ ಹುಡುಕಬೇಕು. ಎದುರು ನಿಲ್ಲುವವರನ್ನು ಕಳಿಸುವ ರೂಢಿ ಇಪ್ಪತ್ತು ವರ್ಷದಲ್ಲಿ ಅಲ್ಲಿ ಬೇರುಬಿಟ್ಟಿತ್ತು ಎನ್ನುವುದೇ ನನಗೆ ಹೊಂದುವ ಕಾರಣ.

ಆ ರೂಢಿ ಹೆಚ್ಚು ಕಾಲ ಬಾಳಲಿಲ್ಲ. 1974ರ ಕಾನೂನು ಬಂತು. ಗೇಣಿದಾರರು ಒಡೆತನ ಕೋರಿ ನಮೂನೆ 7 ತುಂಬಿ ಭೂನ್ಯಾಯಮಂಡಳಿಗಳ ಮುಂದೆ ಸಾಲು ನಿಂತರು. ಮಂಡಳಿಯೊಳಗೆ ವಕೀಲರಿಗೆ ಮೊದಲಿಗೆ ಪ್ರವೇಶವಿರಲಿಲ್ಲ, ಅಧಿಕಾರಿಯ ಜೊತೆಗೆ ಊರ ಕಡೆಯ ಅಧಿಕಾರೇತರ ಸದಸ್ಯರು ಕೂರುತ್ತಿದ್ದರು. ಆ ಸದಸ್ಯರ ನೇಮಕವಾಗುತ್ತಿದ್ದದ್ದು ಸರ್ಕಾರದಿಂದ. ಉಳುವವನಿಗೆ ಈಗ ಬೇಕಾದದ್ದು ಸರ್ಕಾರವನ್ನು ಎದುರಿಸುವ ಶಾಸಕನಲ್ಲ, ಕಡತ ಮುಂದಕ್ಕೆ ತಳ್ಳಬಲ್ಲ ಶಾಸಕ. ಗೌಡರ ಒಡನಾಡಿಗಳೂ ಒಬ್ಬೊಬ್ಬರಾಗಿ ಆ ಕಡೆಗೆ ನಡೆದರು: ಬಂಗಾರಪ್ಪ ಕಾಂಗ್ರೆಸ್ಸಿಗೆ ಹೋಗಿ ಮಂತ್ರಿಯಾಗಿ 1990ರಲ್ಲಿ ಮುಖ್ಯಮಂತ್ರಿಯಾದರು, ತಿಮ್ಮಪ್ಪ ಕಾಂಗ್ರೆಸ್ಸಿನಲ್ಲಿ ಸಭಾಧ್ಯಕ್ಷ, ಕಂದಾಯ ಮಂತ್ರಿ ಆದರು, 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲರು ಜನತಾದಳದಿಂದ 1996ರಲ್ಲಿ ಮುಖ್ಯಮಂತ್ರಿಯಾದರು. ಗೌಡರಿದ್ದರೆ ಅವರೂ ಹೋಗುತ್ತಿದ್ದರೇ ಎಂಬ ಪ್ರಶ್ನೆಯನ್ನು ಶಿವಮೊಗ್ಗದ ಹಳಬರು ಇಷ್ಟಪಟ್ಟು ಚರ್ಚಿಸುತ್ತಾರೆ. ದಾಖಲೆಯಲ್ಲಿ ಅದಕ್ಕೆ ಉತ್ತರವಿಲ್ಲ. ಸೊರಬ ಮಾತ್ರ 1994ರವರೆಗೂ, ಬಂಗಾರಪ್ಪನವರು ಯಾವ ಪಕ್ಷದಿಂದ ನಿಂತರೂ, ಅವರನ್ನೇ ಗೆಲ್ಲಿಸುತ್ತ ಹೋಯಿತು. ಅಲ್ಲಿ ಗೆಲ್ಲುತ್ತಿದ್ದದ್ದು ವಿರೋಧ ಪಕ್ಷವಲ್ಲ, ಬಂಗಾರಪ್ಪ.